ಒದ್ದೆ ಕೈ ಕಂಡರೆ ಮುನಿಯುವ ಒಲೆ: ಅಡುಗೆಮನೆ ಯಂತ್ರಗಳ ಮೇಲಿನ ಸಿಟ್ಟು ಇಲ್ಲಿ ಹಾಕಿ

ಒದ್ದೆಕೈ · ಸೋಮವಾರ ಬೆಳಗ್ಗೆ 9:12

ಈಗಷ್ಟೇ ಒರೆಸಿ ಮುಗಿಸಿ ಬಂದು ಕೂತಿದ್ದೇನೆ. ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಇಂಡಕ್ಷನ್ ಮೇಲೆ ಹಾಲಿಟ್ಟು, ಪಕ್ಕದ ಸಿಂಕಿನಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಹಾಲು ಏಳುವುದು ಕಾಣಿಸಿತು. ಕೈ ಚಾಚಿ ಆಫ್ ಒತ್ತಿದೆ. ಏನೂ ಆಗಲಿಲ್ಲ. ಕೈ ಒದ್ದೆ. ಇನ್ನೊಂದು ಸಲ ಒತ್ತಿದೆ. ಆಫ್ ಆಗುವ ಬದಲು ಪವರ್ ಒಂದು ಹಂತ ಮೇಲೆ ಹೋಯಿತು. ಬಟ್ಟೆಗೆ ಕೈ ಒರೆಸಿಕೊಂಡು ಮೂರನೇ ಸಲ ಒತ್ತುವಷ್ಟರಲ್ಲಿ ಹಾಲು ಉಕ್ಕಿ, ಗಾಜಿನ ಮೇಲೆ ಹರಿದು, ಸೀದಾ ಬಟನ್‌ಗಳ ಮೇಲೆ ಬಂದು ನಿಂತಿತು. ಆಗ ಒಲೆ ಬೀಪ್ ಬೀಪ್ ಎಂದು ಕಿರುಚಿ ತಾನಾಗಿಯೇ ಆಫ್ ಆಯಿತು. ನಾನು ಹೇಳಿದರೆ ಕೇಳಲಿಲ್ಲ, ಹಾಲು ಹೇಳಿದರೆ ಕೇಳಿತು.

ಅಡುಗೆಮನೆಯಲ್ಲಿ ಕೈ ಒದ್ದೆ ಇರುತ್ತದೆ, ಎಣ್ಣೆ ಇರುತ್ತದೆ, ಹಿಟ್ಟು ಇರುತ್ತದೆ. ಇದು ಈ ಸಾಮಾನು ಮಾಡುವವರಿಗೆ ಗೊತ್ತಿಲ್ವಾ? ನಿಮ್ಮ ಮನೆಯ ಯಾವ ಯಂತ್ರ ನಿಮ್ಮನ್ನು ಹೀಗೆ ಆಟ ಆಡಿಸುತ್ತದೆ ಹೇಳಿ. ಕಂಪನಿ ಹೆಸರು ಬೇಡ, ಸುಮ್ನೆ ಜಗಳ ಶುರುವಾಗುತ್ತದೆ.

ನಿದ್ದೆಗಣ್ಣು · 9:30

ಮೈಕ್ರೋವೇವ್. ರಾತ್ರಿ ಹನ್ನೆರಡಕ್ಕೆ ಒಂದು ಲೋಟ ಹಾಲು ಬಿಸಿ ಮಾಡಿದರೆ ಐದು ಸಲ ಬೀಪ್. ತಕ್ಷಣ ತೆಗೆಯದಿದ್ದರೆ ನಿಮಿಷಕ್ಕೊಮ್ಮೆ ಮತ್ತೆ ಬೀಪ್. ನಾನು 1 ಸೆಕೆಂಡ್ ಉಳಿದಿರುವಾಗ ಬಾಂಬ್ ಸ್ಕ್ವಾಡಿನವರ ಹಾಗೆ ಬಾಗಿಲು ಎಳೆಯುತ್ತೇನೆ. ಒಂದೊಂದು ಸಲ ಸೋಲುತ್ತೇನೆ. ಮಗು ಏಳುತ್ತದೆ.

ಲೆಕ್ಕದ ಮೇಷ್ಟ್ರು · 9:41

ಹಾಗೆ ಬಾಗಿಲು ತೆಗೆದಾಗ ಆ 1 ಸೆಕೆಂಡ್ ಹಾಗೇ ಉಳಿದಿರುತ್ತದೆ. ಮುಂದೆ ಬಂದವರು ಅದನ್ನು ಅಳಿಸಬೇಕು. ನಮ್ಮ ಮನೆಯಲ್ಲಿ ಆ ಮುಂದೆ ಬರುವವನು ಯಾವಾಗಲೂ ನಾನೇ.

ಬೋರ್ಡ್‌ನವ · 10:05

ನಾನು ಕೆಲವು ವರ್ಷ ಇಂಥ ಯಂತ್ರಗಳ ಕಂಟ್ರೋಲ್ ಬೋರ್ಡ್ ಮಾಡುವ ಕಡೆ ಕೆಲಸ ಮಾಡಿದ್ದೆ. ಮೊದಲೇ ಕ್ಷಮೆ ಕೇಳಿಬಿಡುತ್ತೇನೆ.

ಒದ್ದೆಕೈ ಅವರೇ, ನಿಮ್ಮ ಒಲೆಗೆ ಬೆರಳು ಗೊತ್ತೇ ಇಲ್ಲ. ಗಾಜಿನ ಕೆಳಗೆ ತಾಮ್ರದ ಸಣ್ಣ ಬಿಲ್ಲೆಗಳಿರುತ್ತವೆ. ಬೆರಳು ಹತ್ತಿರ ಬಂದರೆ ಆ ಬಿಲ್ಲೆಯ ಕೆಪಾಸಿಟೆನ್ಸ್, ಅಂದರೆ ವಿದ್ಯುತ್ ಹಿಡಿದಿಟ್ಟುಕೊಳ್ಳುವ ಶಕ್ತಿ, ಸ್ವಲ್ಪ ಬದಲಾಗುತ್ತದೆ. ಚಿಪ್ ನೋಡುವುದು ಅಷ್ಟನ್ನೇ. ನೀರೂ ಅದೇ ಬದಲಾವಣೆ ಮಾಡುತ್ತದೆ. ಒದ್ದೆ ಬೆರಳು ಒತ್ತಿದಾಗ ನೀರು ಪಕ್ಕದ ಬಿಲ್ಲೆಯವರೆಗೂ ಹರಡಿದರೆ, ಪಕ್ಕದ ಬಟನ್ ಒತ್ತಿದಂತೆ ಅದಕ್ಕೆ ಕಾಣಬಹುದು. ನಿಮ್ಮ ಪವರ್ ಏರಿದ್ದು ಹಾಗೆ. ಹಾಲು ಪೂರ್ತಿ ಹರಡಿದಾಗ ಎಲ್ಲ ಬಿಲ್ಲೆಗಳೂ ಒಟ್ಟಿಗೆ ಕೂಗಿಕೊಂಡವು. ಯಾರೂ ಎಂಟು ಬಟನ್ ಒಟ್ಟಿಗೆ ಒತ್ತುವುದಿಲ್ಲ, ಏನೋ ಚೆಲ್ಲಿದೆ ಎಂದು ಪ್ರೋಗ್ರಾಂ ಆಫ್ ಮಾಡಿತು. ಅದನ್ನು ನಾವು ಬೇಕೆಂದೇ ಬರೆದಿರುತ್ತೇವೆ. ಅಂದರೆ ಚೆಲ್ಲಿದ ಹಾಲಿಗೆ ಯೋಚನೆ ಮಾಡಿದ್ದೇವೆ, ಒದ್ದೆ ಬೆರಳಿಗೆ ಮಾಡಿಲ್ಲ. ತಪ್ಪು ನಮ್ಮದೇ.

ಯಾಕೆ ಟಚ್ ಅಂದರೆ: ನಾಬ್ ಇಡಲು ಗಾಜಿನಲ್ಲಿ ತೂತು ಬೇಕು, ತೂತಿಗೆ ನೀರು ಇಳಿಯದ ಹಾಗೆ ರಬ್ಬರ್ ಬೇಕು, ಒಳಗೆ ಸ್ವಿಚ್ಚು, ಅದಕ್ಕೆ ವೈರು. ಟಚ್ ಆದರೆ ಒಂದೇ ಬೋರ್ಡ್ ಹತ್ತು ಮಾಡೆಲ್‌ಗೆ ಆಗುತ್ತದೆ, ಗಾಜಿನ ಮೇಲಿನ ಅಚ್ಚು ಬದಲಾಯಿಸಿದರೆ ಮುಗಿಯಿತು. ಒರೆಸುವುದೂ ಸುಲಭ. ಶೋರೂಮಿನಲ್ಲಿ ಚೆನ್ನಾಗಿ ಕಾಣುತ್ತದೆ. ಶೋರೂಮಿನಲ್ಲಿ ಎಲ್ಲರ ಕೈಯೂ ಒಣಗಿರುತ್ತದೆ, ಅಲ್ವಾ.

ನಿದ್ದೆಗಣ್ಣು ಅವರೇ, ತುಂಬಾ ಮಾಡೆಲ್‌ಗಳಲ್ಲಿ ಬೀಪ್ ನಿಲ್ಲಿಸುವ ದಾರಿ ಇರುತ್ತದೆ. ಸ್ಟಾಪ್ ಬಟನ್ ಅಥವಾ ಯಾವುದೋ ಒಂದು ಅಂಕೆಯ ಬಟನ್ ಮೂರ್ನಾಲ್ಕು ಸೆಕೆಂಡ್ ಒತ್ತಿ ಹಿಡಿಯಬೇಕು. ಕೈಪಿಡಿಯ ಕೊನೆಯ ಪುಟಗಳಲ್ಲಿ ಎಲ್ಲೋ ಇರುತ್ತದೆ.

ನಿದ್ದೆಗಣ್ಣು · 10:09

ಕೈಪಿಡಿ ಇಟ್ಟುಕೊಂಡಿರುವ ಮನುಷ್ಯನ ಹಾಗೆ ಕಾಣ್ತೀನಾ ಸರ್?

ನಾಬ್ ಪಕ್ಷ · 10:20

ನನಗೆ ಪವರ್ ಇಷ್ಟು ಎಂದು ಕೈಗೇ ತಿಳಿಯಬೇಕು. ನಾಬ್ ಆದರೆ ಮಣಿಕಟ್ಟು ಲೆಕ್ಕ ಇಟ್ಟುಕೊಳ್ಳುತ್ತದೆ. ಟಚ್ಚಿನಲ್ಲಿ 9ರಿಂದ 2ಕ್ಕೆ ಇಳಿಸಲು ಏಳು ಸಲ ಒತ್ತಬೇಕು. ಪ್ರತಿ ಸಲ ಒಂದು ಬೀಪ್. ಅಷ್ಟರಲ್ಲಿ ಒಗ್ಗರಣೆ ಕರಿ.

ಕಾರಿನವರಿಗೆ ಇದು ತಡವಾಗಿ ಅರ್ಥ ಆಯಿತು. ಯುರೋಪಿನಲ್ಲಿ ಕಾರುಗಳಿಗೆ ಸುರಕ್ಷತೆಯ ಸ್ಟಾರ್ ಕೊಡುವ ಯುರೋ ಎನ್‌ಕ್ಯಾಪ್, 2026ರಿಂದ ಇಂಡಿಕೇಟರ್, ಹಾರ್ನ್, ವೈಪರ್‌ನಂಥ ಕೆಲವು ಕೆಲಸಗಳಿಗೆ ಕೈಗೆ ಸಿಗುವ ಬಟನ್ ಇರಬೇಕು, ಇಲ್ಲದಿದ್ದರೆ ಅಂಕ ಹೋಗುತ್ತದೆ ಎಂದಿದೆ. ಒಲೆಗೂ ಯಾರಾದರೂ ಸ್ಟಾರ್ ಕೊಡಿ ಸ್ವಾಮಿ.

ಎರಡನೇ ಸೌಟು · 10:48

ಮಿಕ್ಸಿ ಜಾರಿನ ತಳ ನೋಡಿದ್ದೀರಾ ಯಾರಾದರೂ? ಒಳಗಲ್ಲ, ಹೊರಗೆ. ಜಾರ್ ತಲೆಕೆಳಗೆ ಮಾಡಿ ಬೆಳಕಿಗೆ ಹಿಡಿಯಿರಿ. ನಡುವೆ ಮೋಟಾರಿಗೆ ಕಚ್ಚಿಕೊಳ್ಳುವ ಕಪ್ಪು ಕಪ್ಲರ್, ಅದರ ಸುತ್ತ ಒಂದು ಕಾಲುವೆ, ಕಾಲುವೆಯಲ್ಲಿ ಆರೆಂಟು ಸಣ್ಣ ಗೋಡೆಗಳು. ಆ ಒಂದೊಂದು ಗೂಡಿನಲ್ಲೂ ಹಳೆಯ ರುಬ್ಬಿದ್ದೆಲ್ಲ ಒಣಗಿ ಗಾರೆ ಹಾಕಿದ ಹಾಗೆ ಕೂತಿರುತ್ತದೆ. ಸ್ಕ್ರಬ್ಬರ್ ಒಳಗೆ ಹೋಗುವುದಿಲ್ಲ. ಬೆರಳು ಹೋಗುವುದಿಲ್ಲ. ನಾನು ಹಳೆ ಟೂತ್‌ಬ್ರಷ್ಷು, ಅದಾದ ಮೇಲೆ ಟೂತ್‌ಪಿಕ್ಕು, ಅದೂ ಮುರಿದರೆ ಹೇರ್‌ಪಿನ್ನು. ತೊಳೆದು ಕವುಚಿದರೆ ಆ ಕಾಲುವೆಯಲ್ಲೇ ನೀರು ನಿಲ್ಲುತ್ತದೆ. ಮಾರನೇ ದಿನ ಎತ್ತಿದರೆ ಆ ನೀರು ತೋಳಿನ ಮೇಲೆ ಸುರಿಯುತ್ತದೆ.

ಮುಚ್ಚಳದ ರಬ್ಬರಿನ ಕಥೆ ಹೇಳುವುದೇ ಬೇಡ. ಚಾಕುವಿನ ತುದಿಯಿಂದ ಎಬ್ಬಿಸಿ ತೆಗೆಯಬೇಕು. ತೆಗೆದ ಮೇಲೆ ಯಾಕಾದರೂ ತೆಗೆದೆನೋ ಅನ್ನಿಸುತ್ತದೆ.

ಒಂದು ಮಾತು ಗ್ಯಾರಂಟಿ. ಈ ಜಾರಿನ ಚಿತ್ರ ಬರೆದವರು ಇದನ್ನು ಒಂದು ದಿನವೂ ತೊಳೆದಿಲ್ಲ.

ಒದ್ದೆಕೈ · 10:52

ನಿಮ್ಮ ಪೋಸ್ಟ್ ಓದಿ ನಮ್ಮ ಜಾರ್ ತಿರುಗಿಸಿ ನೋಡಿದೆ. ಈಗ ನೆನೆಹಾಕಿದ್ದೇನೆ. ಥ್ಯಾಂಕ್ಸ್ ಅನ್ನಲೋ ಬೈಯಲೋ ಗೊತ್ತಾಗುತ್ತಿಲ್ಲ.

ಲೆಕ್ಕದ ಮೇಷ್ಟ್ರು · 11:30

ಒಂದು ಆಟ ಹೇಳುತ್ತೇನೆ. ನಾಲ್ಕು ಬರ್ನರ್ ಒಲೆ ಇರುವವರು ಈಗ ಎದ್ದು ಹೋಗಬೇಡಿ. ಕೂತಲ್ಲೇ ಕಾಗದದ ಮೇಲೆ ಒಲೆ ಬರೆಯಿರಿ. ಚೌಕದಲ್ಲಿ ನಾಲ್ಕು ಬರ್ನರ್, ಮುಂದೆ ಸಾಲಾಗಿ ನಾಲ್ಕು ನಾಬ್. ಯಾವ ನಾಬ್ ಯಾವ ಬರ್ನರಿನದು ಎಂದು ಗೆರೆ ಎಳೆಯಿರಿ. ಆಮೇಲೆ ಹೋಗಿ ನೋಡಿ.

ನಾಲ್ಕನ್ನು ನಾಲ್ಕಕ್ಕೆ ಜೋಡಿಸಲು 24 ರೀತಿ ಇವೆ. ಎಡಗಡೆಯ ಎರಡು ನಾಬ್ ಎಡಗಡೆಯ ಬರ್ನರಿಗೇ ಇರುತ್ತವೆ ಎಂದು ನಂಬಿದರೂ 4 ರೀತಿ ಉಳಿಯುತ್ತವೆ. ಅದರಲ್ಲಿ ನಿಮ್ಮ ಮನೆಯದು ಯಾವುದು ಎಂದು ನಾಬ್ ಪಕ್ಕದ ಉದ್ದಿನಕಾಳಿನಷ್ಟು ಚಿತ್ರ ಹೇಳುತ್ತದೆ. ಆ ಚಿತ್ರ ಎರಡು ವರ್ಷದಲ್ಲಿ ಉಜ್ಜಿ ಉಜ್ಜಿ ಅಳಿಸಿಹೋಗಿರುತ್ತದೆ.

ಇದಕ್ಕೆ ಉತ್ತರ ಸಿಕ್ಕಿ ಅರವತ್ತು ವರ್ಷ ದಾಟಿತು. 1959ರಲ್ಲಿ ಚಪಾನಿಸ್ ಮತ್ತು ಲಿಂಡೆನ್‌ಬಾಮ್ ಎಂಬ ಇಬ್ಬರು ಅಮೆರಿಕದಲ್ಲಿ ನಾಲ್ಕು ಥರದ ಒಲೆ ಇಟ್ಟು ಜನರ ಕೈಯಲ್ಲಿ ಒತ್ತಿಸಿ ನೋಡಿದರು. ಹಿಂದಿನ ಬರ್ನರುಗಳನ್ನು ಮುಂದಿನವಕ್ಕಿಂತ ಸ್ವಲ್ಪ ಪಕ್ಕಕ್ಕೆ ಸರಿಸಿದ ಒಲೆಯಲ್ಲಿ ಒಬ್ಬರೂ ತಪ್ಪು ಮಾಡಲಿಲ್ಲ. ಯಾಕೆಂದರೆ ಮೇಲಿನಿಂದ ನೋಡಿದರೆ ನಾಲ್ಕೂ ಎಡದಿಂದ ಬಲಕ್ಕೆ ಸಾಲಾಗಿ ಕಾಣುತ್ತವೆ. ನಾಬ್‌ಗಳೂ ಅದೇ ಸಾಲು. ಚೌಕದ ಒಲೆಗಳಲ್ಲಿ ತಪ್ಪು ಆದವು. 1988ರಲ್ಲಿ ಡಿಸೈನ್ ಬಗ್ಗೆ ಪುಸ್ತಕ ಬರೆದ ಡೊನಾಲ್ಡ್ ನಾರ್ಮನ್ ಇದನ್ನೇ ಎತ್ತಿಕೊಂಡು ಉದ್ದಕ್ಕೆ ಬರೆದ. ಡಿಸೈನ್ ಕಲಿಯುವ ಮಕ್ಕಳಿಗೆ ಈಗಲೂ ಈ ಒಲೆಯ ಉದಾಹರಣೆಯನ್ನೇ ಕೊಡುತ್ತಾರೆ. ಒಲೆ ಮಾತ್ರ ಚೌಕದಲ್ಲೇ ಇದೆ.

ನಾಬ್ ಪಕ್ಷ · 11:44

ಬರೆದೆ. ಎರಡು ತಪ್ಪು. ಒಂಬತ್ತು ವರ್ಷದಿಂದ ದಿನಾ ಬಳಸುವ ಒಲೆ.

ಎರಡನೇ ಸೌಟು · 11:51

ನಾನು ನಾಲ್ಕೂ ಸರಿ ಬರೆದೆ. ಖುಷಿಯಾಗಿ ಹೋಗಿ ಒಲೆ ಹಚ್ಚಿದೆ, ಬೇರೆಯದು ಹತ್ತಿತು. ಕಾಗದದ ಮೇಲೆ ಬರುತ್ತದೆ, ಕೈಗೆ ಬರುವುದಿಲ್ಲ. ನಾನು ಈಗ ನಾಬ್ ಮೇಲೆ ಮತ್ತು ಬರ್ನರ್ ಪಕ್ಕದಲ್ಲಿ ಒಂದೇ ಬಣ್ಣದ ನೈಲ್ ಪಾಲಿಶ್ ಚುಕ್ಕೆ ಇಡುತ್ತೇನೆ. ಬರ್ನರ್ ಪಕ್ಕದ್ದು ಬೇಗ ಸುಟ್ಟು ಹೋಗುತ್ತದೆ, ಸ್ವಲ್ಪ ದೂರ ಇಡಿ.

ತುದಿಬೆರಳು · ಮಧ್ಯಾಹ್ನ 12:35

ನನಗೆ ಕಣ್ಣು ಕಾಣುವುದಿಲ್ಲ. ನಿಮ್ಮ ಪೋಸ್ಟ್‌ಗಳನ್ನೆಲ್ಲ ಫೋನ್ ಓದಿ ಹೇಳುತ್ತಿದೆ. ನಿಮಗೆ ಸಿಟ್ಟು ಬರುವ ಜಾಗದಲ್ಲಿ ನನಗೆ ಅಡುಗೆಯೇ ನಿಂತುಹೋಗುತ್ತದೆ, ಆದ್ದರಿಂದ ನಾಲ್ಕು ಮಾತು ಬರೆಯುತ್ತೇನೆ.

ನನ್ನ ಹಳೆಯ ಮೈಕ್ರೋವೇವಿನಲ್ಲಿ ಎರಡೇ ನಾಬ್ ಇದ್ದವು. ಮೇಲಿನದು ಪವರ್, ಕೆಳಗಿನದು ಟೈಮ್. ನಾಬಿನ ಮೇಲೆ ಒಂದು ಉಬ್ಬು ಗೆರೆ. ಗೆರೆ ಎಲ್ಲಿದೆ ಎಂದು ಮುಟ್ಟಿದರೆ ಎಷ್ಟು ನಿಮಿಷ ಎಂದು ಗೊತ್ತಾಗುತ್ತಿತ್ತು. ಅದು ಹಾಳಾದಾಗ ಮನೆಯವರು ಪ್ರೀತಿಯಿಂದ ಒಳ್ಳೆಯದೇ ತಂದುಕೊಟ್ಟರು. ಮುಟ್ಟಿ ನೋಡಿದೆ. ಬರೀ ಗಾಜು. ಮೇಲಿನಿಂದ ಕೆಳಗಿನವರೆಗೆ ಕನ್ನಡಿ ಸವರಿದ ಹಾಗೆ.

ಮೇಲೆ ಉಬ್ಬು ಚುಕ್ಕೆ ಅಂಟಿಸಿ ಎಂದು ಎಲ್ಲರೂ ಹೇಳುತ್ತಾರೆ. ಒತ್ತಿದರೆ ಒಳಗೆ ಹೋಗುವ ಪ್ಲಾಸ್ಟಿಕ್ ಹಾಳೆಯ ಬಟನ್ ಆದರೆ ಅದು ಸರಿ. ಟಚ್ ಗಾಜಿನಲ್ಲಿ ಇನ್ನೊಂದು ಕಷ್ಟ ಇದೆ. ಚುಕ್ಕೆ ಹುಡುಕಲು ಬೆರಳು ಸವರಬೇಕು. ಸವರಿದ್ದನ್ನೆಲ್ಲ ಅದು ಒತ್ತಿದ್ದು ಎಂದುಕೊಳ್ಳುತ್ತದೆ. ಹುಡುಕುವುದಕ್ಕೂ ಒತ್ತುವುದಕ್ಕೂ ಅದಕ್ಕೆ ವ್ಯತ್ಯಾಸ ತಿಳಿಯುವುದಿಲ್ಲ. ಕೊನೆಗೆ ತಮ್ಮ ಒಂದು ದಪ್ಪ ರಟ್ಟಿನಲ್ಲಿ ತೂತು ಕೊರೆದು ಗಾಜಿನ ಮೇಲೆ ಅಂಟಿಸಿಕೊಟ್ಟ. ಎರಡೇ ತೂತು. ಒಂದು ಸ್ಟಾಪ್, ಇನ್ನೊಂದು 30 ಸೆಕೆಂಡಿನ ಬಟನ್. ಐದು ನಿಮಿಷ ಬೇಕಾದರೆ ಹತ್ತು ಸಲ ಒತ್ತುತ್ತೇನೆ. ಬೀಪ್ ಎಣಿಸುತ್ತೇನೆ.

ಆದ್ದರಿಂದ ನಿದ್ದೆಗಣ್ಣು ಅವರೇ, ಬೀಪ್ ತೆಗೆಸಿಬಿಡಿ ಎಂದು ಯಾರಿಗೂ ಅರ್ಜಿ ಹಾಕಬೇಡಿ. ನನ್ನ ಕಣ್ಣು ಅದೇ.

ನಿದ್ದೆಗಣ್ಣು · 12:47

ಇಲ್ಲ ಮೇಡಂ. (ಅಥವಾ ಸರ್?) ಇದು ನನಗೆ ಹೊಳೆದೇ ಇರಲಿಲ್ಲ. ಸಣ್ಣ ದನಿ, ದೊಡ್ಡ ದನಿ ಎಂದು ಎರಡು ಇದ್ದರೆ ಇಬ್ಬರಿಗೂ ಆಗುತ್ತಿತ್ತು.

ಬೋರ್ಡ್‌ನವ · 1:15

ಮಾಡಬಹುದು. ಅದಕ್ಕೆ ಪ್ರೋಗ್ರಾಮಿನಲ್ಲಿ ನಾಲ್ಕು ಸಾಲು ಜಾಸ್ತಿ ಸಾಕು. ಕೇಳಿದವರಿಲ್ಲ ಅಷ್ಟೆ.

ಆ ದನಿ ಅಷ್ಟು ಚುಚ್ಚುವುದು ಯಾಕೆ ಅಂದರೆ, ಒಳಗಿರುವುದು ಪೀಜೋ ಬಜರ್ ಎಂಬ ತೆಳು ಬಿಲ್ಲೆ. ಸಣ್ಣದು, ಗಟ್ಟಿಯಾಗಿ ಕೂಗುತ್ತದೆ. ಸಾಮಾನ್ಯವಾಗಿ 2ರಿಂದ 4 ಕಿಲೋಹರ್ಟ್ಜ್ ನಡುವೆ, ಅಂದರೆ ಸೆಕೆಂಡಿಗೆ ಎರಡರಿಂದ ನಾಲ್ಕು ಸಾವಿರ ಸಲ ಅದುರಿ ಕೂಗುತ್ತದೆ. ನಮ್ಮ ಕಿವಿ ತುಂಬಾ ಚುರುಕಾಗಿರುವ ಜಾಗವೂ ಅದೇ. ಇನ್ನೊಂದು ತಮಾಷೆ: ವಯಸ್ಸಾದಂತೆ ಮೊದಲು ಕಡಿಮೆಯಾಗುವುದು ಎತ್ತರದ ದನಿಗಳು ಕೇಳುವುದು. ಹೀಗಾಗಿ ಮಗು ಎದ್ದು ಕೂರುತ್ತದೆ, ಒಲೆ ಮರೆತ ಅಜ್ಜಿಗೆ ಕೇಳಿಸುವುದಿಲ್ಲ.

ಒಪ್ಪದವ · 1:40

ಎಲ್ಲರೂ ಒಂದೇ ರಾಗ ಹಾಡುತ್ತಿದ್ದೀರಿ, ಸ್ವಲ್ಪ ಎದುರು ಮಾತಾಡುತ್ತೇನೆ.

ನೀವು ಬೈಯುವ ಎಷ್ಟೋ ವಿಷಯಗಳ ಹಿಂದೆ ಯಾರದೋ ಜೀವ ಇರುತ್ತದೆ. ಕೆಟಲಿನ ವೈರ್ ಗೇಣುದ್ದ ಎಂದು ಬೈಯುತ್ತೀರಿ. ಉದ್ದ ಇದ್ದರೆ ಕಟ್ಟೆಯಿಂದ ಇಳಿಬೀಳುತ್ತದೆ, ಮಗು ಎಳೆಯುತ್ತದೆ, ಕುದಿಯುವ ನೀರು ಮೈಮೇಲೆ. ಫ್ರಿಜ್ಜಿನ ಬಾಗಿಲು ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ, ಹಳೇ ಫ್ರಿಜ್ಜಿನ ಹಾಗೆ ಗಟ್ಟಿ ಚಿಲಕ ಇರಬೇಕಿತ್ತು ಎಂದು ನನ್ನ ದೊಡ್ಡಪ್ಪ ಹೇಳುತ್ತಿದ್ದರು. ಆ ಚಿಲಕ ಹೊರಗಿನಿಂದ ಮಾತ್ರ ತೆಗೆಯಲು ಬರುತ್ತಿತ್ತು. ಬಿಸಾಡಿದ ಫ್ರಿಜ್ಜಿನೊಳಗೆ ಕಣ್ಣಾಮುಚ್ಚಾಲೆ ಆಡಲು ಹೋಗಿ ಮಕ್ಕಳು ಉಸಿರುಕಟ್ಟಿ ಸತ್ತಿದ್ದಾರೆ. ಅಮೆರಿಕದಲ್ಲಿ 1956ರಲ್ಲಿ ಇದಕ್ಕೇ ಒಂದು ಕಾನೂನು ತಂದರು, ಬಾಗಿಲು ಒಳಗಿನಿಂದಲೂ ತೆಗೆಯಲು ಬರಬೇಕು ಎಂದು. ಈಗ ಬಾಗಿಲಿನ ಸುತ್ತ ರಬ್ಬರಿನಲ್ಲಿ ಮ್ಯಾಗ್ನೆಟ್ ಇದೆಯಲ್ಲ, ಮಗು ಒಳಗಿನಿಂದ ತಳ್ಳಿದರೂ ಅದು ಬಿಟ್ಟುಕೊಳ್ಳುತ್ತದೆ.

ಎಲ್ಲ ಕಿರಿಕಿರಿಯೂ ದಡ್ಡತನ ಅಲ್ಲ.

ಒದ್ದೆಕೈ · 1:58

ಇದು ಗೊತ್ತಿರಲಿಲ್ಲ. ಒಪ್ಪಿದೆ. ಆದರೆ ನನ್ನ ಒಲೆಯ ಆಫ್ ಬಟನ್ ಒದ್ದೆ ಕೈಗೆ ಕೆಲಸ ಮಾಡದಿರುವುದರಿಂದ ಯಾರ ಜೀವ ಉಳಿಯುತ್ತದೆ ಹೇಳಿ?

ಒಪ್ಪದವ · 2:03

ಅದಕ್ಕೆ ಉತ್ತರ ಇಲ್ಲ. ಅದು ದಡ್ಡತನವೇ.

ನಾಬ್ ಪಕ್ಷ · 2:30

ಮೈಕ್ರೋವೇವ್ ಬಗ್ಗೆ ಇನ್ನೊಂದು. ಕಪ್ಪಿನ ಹಿಡಿಯನ್ನು ನನ್ನ ಕಡೆ ಇಟ್ಟು 30 ಸೆಕೆಂಡ್ ಬಿಸಿ ಮಾಡಿದರೆ ಹಿಡಿ ಪ್ರತಿ ಸಲವೂ ಹಿಂದೆ ಹೋಗಿರುತ್ತದೆ. ಸುಡುವ ಕಪ್ಪನ್ನು ಸುತ್ತಿ ಬಳಸಿ ಹಿಡಿಯಬೇಕು. ಬೇಕೆಂದೇ ಮಾಡುತ್ತದೆ ಅದು.

ಲೆಕ್ಕದ ಮೇಷ್ಟ್ರು · 2:52

ಬೇಕೆಂದಲ್ಲ, ಲೆಕ್ಕದಿಂದ. ತಟ್ಟೆಯ ಕೆಳಗೆ ಸಣ್ಣ ಸಿಂಕ್ರೊನಸ್ ಮೋಟಾರ್ ಇರುತ್ತದೆ, ಕರೆಂಟಿನ ಅಲೆಯ ಲೆಕ್ಕಕ್ಕೇ ತಿರುಗುವಂಥದ್ದು. ತುಂಬಾ ಮೋಟಾರಿನ ಮೇಲೆ 5/6 ಎಂದು ಬರೆದಿರುತ್ತದೆ. 50 ಹರ್ಟ್ಜ್ (ಸೆಕೆಂಡಿಗೆ 50 ಅಲೆ) ಕರೆಂಟಿನಲ್ಲಿ ನಿಮಿಷಕ್ಕೆ 5 ಸುತ್ತು, 60 ಹರ್ಟ್ಜ್‌ನಲ್ಲಿ 6. ನಿಮ್ಮದು 5 ಸುತ್ತಿನದು. 30 ಸೆಕೆಂಡಿಗೆ ಎರಡೂವರೆ ಸುತ್ತು. ಆ ಅರ್ಧ ಸುತ್ತಿನಿಂದಲೇ ಹಿಡಿ ಹಿಂದೆ. 1 ನಿಮಿಷ ಇಡಿ, ಇಟ್ಟಲ್ಲಿಗೇ ಬರುತ್ತದೆ. 24 ಸೆಕೆಂಡ್ ಇಟ್ಟರೂ ಬರುತ್ತದೆ. ಇಲ್ಲವೇ 30ಕ್ಕೆ ಇಡುವಾಗ ಹಿಡಿಯನ್ನೇ ಹಿಂದೆ ಮಾಡಿ ಇಡಿ.

ಒಂದೊಂದು ಸಲ ಬಲಕ್ಕೆ, ಒಂದೊಂದು ಸಲ ಎಡಕ್ಕೆ ತಿರುಗುತ್ತದೆ, ಗಮನಿಸಿದ್ದೀರಾ? ಈ ಥರದ ಮೋಟಾರಿಗೆ ದಿಕ್ಕು ಇಲ್ಲ. ಆನ್ ಮಾಡಿದ ಗಳಿಗೆಯಲ್ಲಿ ಕರೆಂಟಿನ ಅಲೆ ಎಲ್ಲಿತ್ತೋ ಹಾಗೆ ಹೊರಡುತ್ತದೆ.

ನಾಬ್ ಪಕ್ಷ · 2:58

ಮಾಡಿ ನೋಡಿದೆ. 1 ನಿಮಿಷಕ್ಕೆ ಹಿಡಿ ಮುಂದೆ ಬಂತು! ಹಾಲು ಜಾಸ್ತಿ ಬಿಸಿಯಾಯಿತು, ಅದು ಬೇರೆ ಮಾತು.

ನಿದ್ದೆಗಣ್ಣು · 3:20

ಗಡಿಯಾರದ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ಅಡುಗೆಮನೆಯಲ್ಲಿ ಮೂರು ಗಡಿಯಾರ. ಓವನ್ ಒಂದು ಹೇಳುತ್ತದೆ, ಮೈಕ್ರೋವೇವ್ ಒಂದು ಹೇಳುತ್ತದೆ, ಗೋಡೆಯದು ಒಂದು. ಕರೆಂಟ್ ಹೋಗಿ ಬಂದರೆ ಮೊದಲ ಎರಡೂ 12:00 ಎಂದು ಮಿಟುಕಿಸುತ್ತವೆ. ಮೈಕ್ರೋವೇವ್ ಹಾಗೇ ಕೆಲಸ ಮಾಡುತ್ತದೆ, ಪುಣ್ಯ. ಓವನ್ ಗಡಿಯಾರ ಸರಿ ಮಾಡುವವರೆಗೂ ಬಿಸಿಯೇ ಆಗುವುದಿಲ್ಲ. ಅದು ರಿಪೇರಿಗೆ ಬಂದಿದೆ ಎಂದು ನಾನು ಜನ ಕರೆಸಿದ್ದೆ. ಬಂದವರು ಟೈಮ್ ಸೆಟ್ ಮಾಡಿ ಹೋದರು. ಆ ಮನುಷ್ಯ ನಗಲಿಲ್ಲ, ಅದಕ್ಕೆ ನಾನು ಋಣಿ.

ಮತ್ತೆ ಆ ನೀಲಿ ದೀಪಗಳು! ರಾತ್ರಿ ನೀರು ಕುಡಿಯಲು ಹೋದರೆ ವಿಮಾನ ಇಳಿಯುವ ಜಾಗದ ಹಾಗೆ ಇರುತ್ತದೆ. ಪ್ಲಗ್ಗಿನಲ್ಲಿದೆ ಎಂದು ಹೇಳಲು ಅಷ್ಟು ಬೆಳಕು ಯಾಕೆ?

ಬೋರ್ಡ್‌ನವ · 3:46

ನೀಲಿ ಎಲ್‌ಇಡಿ ಹಿಂದೆ ಅಪರೂಪ. ಹೊಳೆಯುವ ನೀಲಿ ಎಲ್‌ಇಡಿ ಬಂದದ್ದು 1990ರ ದಶಕದಲ್ಲಿ. ಅದನ್ನು ಸಾಧಿಸಿದ ಅಕಾಸಾಕಿ, ಅಮಾನೊ, ನಾಕಾಮುರಾ ಮೂವರಿಗೆ 2014ರಲ್ಲಿ ನೊಬೆಲ್ ಬಂತು. ಬಿಳಿ ಎಲ್‌ಇಡಿ ಬಲ್ಬ್ ಅದರಿಂದಲೇ ಸಾಧ್ಯ ಆಯಿತು. ಅಂಥದ್ದನ್ನು ತಂದು ನಾವು ಕೆಟಲಿಗೆ ಹಚ್ಚಿದೆವು, ಹೊಸದಾಗಿ ಕಾಣಲಿ ಎಂದು. ಕಪ್ಪು ಟೇಪಿನ ಚೂರು ಅಂಟಿಸಿ.

ಗಡಿಯಾರದ ವಿಷಯ ನನಗೆ ತುಂಬಾ ಇಷ್ಟ. ಒಳಗೆ ಬ್ಯಾಟರಿ ಇಲ್ಲ, ಒಂದು ಬಟನ್ ಸೆಲ್ ಉಳಿಸಲು ನಿಮಗೆ ಈ ಗೋಳು. ಎಷ್ಟೋ ಯಂತ್ರಗಳು ಹೊತ್ತು ಎಣಿಸುವುದು ಕರೆಂಟಿನ ಅಲೆಗಳನ್ನು ನೋಡಿ. 50 ಅಲೆ ಬಂದರೆ ಒಂದು ಸೆಕೆಂಡ್. 2018ರ ಜನವರಿ ನಡುವಿನಿಂದ ಮಾರ್ಚ್‌ವರೆಗೆ ಯುರೋಪಿನ 25 ದೇಶಗಳಲ್ಲಿ ಓವನ್ ಗಡಿಯಾರಗಳು ಹಿಂದೆ ಬಿದ್ದವು, ಸುಮಾರು ಆರು ನಿಮಿಷ. ಸೆರ್ಬಿಯಾ ಮತ್ತು ಕೊಸೊವೊ ನಡುವಿನ ಜಗಳದಲ್ಲಿ ಗ್ರಿಡ್ಡಿಗೆ ಬರಬೇಕಾದ ವಿದ್ಯುತ್ ಬರಲಿಲ್ಲ. ಇಡೀ ಜಾಲದ ಫ್ರೀಕ್ವೆನ್ಸಿ 50ಕ್ಕಿಂತ ಕೂದಲೆಳೆಯಷ್ಟು ಕಡಿಮೆಯಾಯಿತು. ಗೋಡೆಯ ಮೇಲಿನ ಸೆಲ್ ಗಡಿಯಾರ ಸರಿಯಾಗಿತ್ತು. ಓವನ್ ನೋಡಿಕೊಂಡು ಹೊರಟವರಿಗೆ ಬಸ್ಸು ತಪ್ಪಿತು.

ಸ್ಕ್ರೂಡ್ರೈವರ್ · ಸಂಜೆ 6:10

ಕೆಲಸ ಮುಗಿಸಿ ಈಗ ಓದಿದೆ. ನಾನು ಇವನ್ನೆಲ್ಲ ಬಿಚ್ಚಿ ಜೋಡಿಸಿ ಹೊಟ್ಟೆ ಹೊರೆಯುವವನು. ಗಡಿಯಾರ ಸೆಟ್ ಮಾಡಿ ನಗದೆ ಬಂದವನು ನಾನಲ್ಲ, ನಾನಾಗಿದ್ದರೆ ನಗುತ್ತಿದ್ದೆ.

ನನ್ನ ಹತ್ತಿರ ಬರುವ ಫ್ರಿಜ್ಜುಗಳಲ್ಲಿ ಒಂದು ದೂರು ಬೇಸರ ಬರುವಷ್ಟು ಸಲ ಕೇಳಿದ್ದೇನೆ. ತರಕಾರಿ ಡಬ್ಬಿಯ ಕೆಳಗೆ ನೀರು. ಗ್ಯಾಸ್ ಲೀಕ್, ಕಂಪ್ರೆಸರ್ ಹೋಗಿದೆ, ಹೊಸದು ತರೋಣವೇ ಎಂದು ಕೇಳುತ್ತಾರೆ. ಫ್ರಿಜ್ಜಿನ ಒಳಗೆ, ಹಿಂದಿನ ಗೋಡೆಯ ಬುಡದಲ್ಲಿ, ಡಬ್ಬಿ ಹಿಂದೆ, ಒಂದು ಪೆನ್ಸಿಲ್ ಹೋಗುವಷ್ಟು ತೂತು ಇರುತ್ತದೆ. ಹಿಂದಿನ ಗೋಡೆಯ ಮೇಲೆ ಕಟ್ಟಿದ ಹನಿ ಇಳಿದು ಆ ತೂತಿನಿಂದ ಹೊರಗೆ ಹೋಗಿ, ಕಂಪ್ರೆಸರ್ ಮೇಲಿನ ತಟ್ಟೆಗೆ ಬಿದ್ದು, ಆ ಬಿಸಿಗೆ ಆರಬೇಕು. ಒಂದು ಕೊತ್ತಂಬರಿ ಎಲೆ ಸಿಕ್ಕಿಕೊಂಡರೆ ಸಾಕು, ತೂತು ಕಟ್ಟುತ್ತದೆ. ಮೆತ್ತಗಿನ ಕಡ್ಡಿ ಹಾಕಿ, ಉಗುರುಬೆಚ್ಚಗಿನ ನೀರು ಬಿಟ್ಟರೆ ಹತ್ತು ನಿಮಿಷದ ಕೆಲಸ. ಆ ತೂತನ್ನು ಕಣ್ಣಿಗೆ ಕಾಣುವ ಕಡೆ ಇಡಲು ಏನು ಕಷ್ಟ? ಬಣ್ಣವಾದರೂ ಬೇರೆ ಮಾಡಬಹುದಿತ್ತು. ಬಿಳಿ ಗೋಡೆಯಲ್ಲಿ ಬಿಳಿ ತೂತು.

ಮೈಕ್ರೋವೇವ್ ಬಾಗಿಲನ್ನು 1 ಸೆಕೆಂಡ್ ಇರುವಾಗ ಎಳೆಯುವವರಿಗೆ ಒಂದು ಮಾತು. ಆ ಕೊಕ್ಕೆಗಳ ಹಿಂದೆ ಸಾಮಾನ್ಯವಾಗಿ ಮೂರು ಸ್ವಿಚ್ಚು ಇರುತ್ತವೆ. ಮೊದಲ ಎರಡು ಬಾಗಿಲು ತೆಗೆದರೆ ಕರೆಂಟ್ ಕಡಿಯುತ್ತವೆ. ಅವು ಅಂಟಿಕೊಂಡು ಕಡಿಯದೆ ಹೋದರೆ ಮೂರನೆಯದು ಬೇಕೆಂದೇ ಶಾರ್ಟ್ ಮಾಡಿ ಫ್ಯೂಸ್ ಸುಡುತ್ತದೆ, ನಿಮ್ಮ ಮುಖಕ್ಕೆ ಅಲೆ ಬರದಿರಲಿ ಎಂದು. ಓಡುವಾಗಲೇ ಬಾಗಿಲು ಎಳೆದರೆ ಪ್ರತಿ ಸಲ ಆ ಸ್ವಿಚ್ಚಿನಲ್ಲಿ ಕಿಡಿ ಹಾರುತ್ತದೆ. ನಿಧಾನಕ್ಕೆ ಸವೆಯುತ್ತದೆ. ಸ್ಟಾಪ್ ಒತ್ತಿ ತೆಗೆಯಿರಿ. ಮತ್ತೆ ದಯವಿಟ್ಟು ಯಾರೂ ಮನೆಯಲ್ಲಿ ಮೈಕ್ರೋವೇವ್ ಬಿಚ್ಚಬೇಡಿ. ಒಳಗೆ ವಿದ್ಯುತ್ ಕೂಡಿಟ್ಟುಕೊಳ್ಳುವ ಕೆಪಾಸಿಟರಿನಲ್ಲಿ 2000 ವೋಲ್ಟ್ ಆಸುಪಾಸು ಇರುತ್ತದೆ. ಪ್ಲಗ್ ಕಿತ್ತ ಮೇಲೂ ಉಳಿದಿರಬಹುದು.

ಇನ್ನು ಮಿಕ್ಸಿ. "ಇದ್ದಕ್ಕಿದ್ದಂತೆ ನಿಂತುಹೋಯಿತು" ಎಂದು ತರುತ್ತಾರೆ. ನಾನು ತಲೆಕೆಳಗೆ ಮಾಡಿ ಕೆಳಗಿನ ಸಣ್ಣ ಕೆಂಪು ಬಟನ್ ಒತ್ತುತ್ತೇನೆ. ತಿರುಗುತ್ತದೆ. ಓವರ್‌ಲೋಡ್ ಆದರೆ ಮೋಟಾರ್ ಸುಡದಿರಲಿ ಎಂದು ಅದು ಟ್ರಿಪ್ ಆಗಿರುತ್ತದೆ, ಅಷ್ಟೆ. ಬಟನ್ ಒಳ್ಳೆಯದೇ. ಅದನ್ನು ಹೊಟ್ಟೆಯ ಕೆಳಗೆ ಬಚ್ಚಿಟ್ಟು, ಪಕ್ಕದಲ್ಲಿ ಒಂದು ಅಕ್ಷರವೂ ಬರೆಯದೆ ಬಿಟ್ಟಿರುವುದು ನನಗೆ ಸರಿ ಕಾಣುವುದಿಲ್ಲ. ನನಗೆ ಇದರಿಂದ ಲಾಭವೇ, ಆದರೂ ಹೇಳುತ್ತೇನೆ.

ಎರಡನೇ ಸೌಟು · 6:33

ಅಣ್ಣ, ರಬ್ಬರಿನ ವಿಷಯವೂ ಹೇಳಿ. ಜಾರಿನ ರಬ್ಬರ್ ಹರಿದರೆ ಆ ಮಾಡೆಲ್ ಈಗ ಬರುವುದಿಲ್ಲ, ಜಾರೇ ತಗೊಳ್ಳಿ ಅನ್ನುತ್ತಾರೆ.

ಸ್ಕ್ರೂಡ್ರೈವರ್ · 6:50

ಹೌದಕ್ಕ. ಎರಡು ಮಿಲಿಮೀಟರ್ ವ್ಯತ್ಯಾಸ ಮಾಡಿ ಹೊಸ ಮಾಡೆಲ್ ಬಿಡುತ್ತಾರೆ. ಯುರೋಪಿಯನ್ ಯೂನಿಯನ್ನಿನಲ್ಲಿ 2021ರ ಮಾರ್ಚ್‌ನಿಂದ ಫ್ರಿಜ್ಜು, ಡಿಶ್‌ವಾಶರಿನಂಥವಕ್ಕೆ ಮುಖ್ಯ ಬಿಡಿಭಾಗ ಕನಿಷ್ಠ 7 ವರ್ಷ ಸಿಗಬೇಕೆಂದು ನಿಯಮ ಇದೆ. ಫ್ರಿಜ್ಜಿನ ಬಾಗಿಲ ರಬ್ಬರ್ 10 ವರ್ಷ. ಮಿಕ್ಸಿಯಂಥ ಸಣ್ಣ ಸಾಮಾನು ಆ ಪಟ್ಟಿಯಲ್ಲಿ ಇರಲಿಲ್ಲ.

ಒಪ್ಪದವ · 7:15

ವೈಫೈ ಇರುವ ಯಂತ್ರಗಳ ಬಗ್ಗೆ ಯಾರೂ ಬೈದಿಲ್ಲ, ಆಶ್ಚರ್ಯ. ಅದಕ್ಕೆ ಮಾತ್ರ ನಾನು ನಿಮ್ಮ ಕಡೆ. ಜ್ಯೂಸೆರೊ ಎಂಬ ಜ್ಯೂಸ್ ಯಂತ್ರ ಬಂದಿತ್ತು, 2016ರಲ್ಲಿ. ಅವರದೇ ಪ್ಯಾಕೆಟ್ ಹಾಕಬೇಕು, ವೈಫೈ ಬೇಕು. 2017ರಲ್ಲಿ ಬ್ಲೂಮ್‌ಬರ್ಗ್ ಪತ್ರಕರ್ತರು ಆ ಪ್ಯಾಕೆಟ್ಟನ್ನು ಕೈಯಲ್ಲೇ ಹಿಂಡಿ ನೋಡಿದರು. ಹೆಚ್ಚುಕಡಿಮೆ ಅಷ್ಟೇ ಜ್ಯೂಸ್ ಬಂತು. ಅದೇ ವರ್ಷ ಕಂಪನಿ ಬಾಗಿಲು ಹಾಕಿತು.

ತುದಿಬೆರಳು · 7:42

ಫೋನ್ ಆ್ಯಪ್ ಇರುವುದು ಕೆಲವು ಸಲ ನನಗೆ ಅನುಕೂಲ. ಗಾಜಿನ ಬಟನ್ ನನಗೆ ಕಾಣುವುದಿಲ್ಲ, ಫೋನ್ ಓದಿ ಹೇಳುತ್ತದೆ. ಆದರೆ ಆ್ಯಪ್ ಅಪ್‌ಡೇಟ್ ಆಗಿ ಬಟನ್‌ಗಳಿಗೆ ಹೆಸರೇ ಇಲ್ಲದೆ ಹೋದ ದಿನ ಊಟ ತಣ್ಣಗೆ. ನಾಬ್ ಅಪ್‌ಡೇಟ್ ಆಗುವುದಿಲ್ಲ.

(ಮೇಡಂ. ಮಧ್ಯಾಹ್ನ ಕೇಳಿದ್ದಿರಲ್ಲ, ನಿದ್ದೆಗಣ್ಣು ಅವರೇ.)

ನಾಬ್ ಪಕ್ಷ · 7:45

"ನಾಬ್ ಅಪ್‌ಡೇಟ್ ಆಗುವುದಿಲ್ಲ." ಇದು ಇನ್ನು ಮುಂದೆ ನಮ್ಮ ಪಕ್ಷದ ಘೋಷಣೆ.

ಎರಡನೇ ಸೌಟು · 8:20

ಒಳ್ಳೆಯದೂ ಒಂದು ಹೇಳಿಬಿಡುತ್ತೇನೆ. ತರಕಾರಿ ಸಿಪ್ಪೆ ಹೆರೆಯುವ ದಪ್ಪ ಕಪ್ಪು ಹಿಡಿಯ ಪೀಲರ್ ನೋಡಿದ್ದೀರಲ್ಲ, ಹಿಡಿಯ ಬದಿಯಲ್ಲಿ ಮೀನಿನ ರೆಕ್ಕೆಯಂಥ ಗೆರೆಗಳು. ಸ್ಯಾಮ್ ಫಾರ್ಬರ್ ಎಂಬುವವರ ಹೆಂಡತಿ ಬೆಟ್ಸಿಗೆ ಕೈಯಲ್ಲಿ ಸಂಧಿವಾತ. ತೆಳು ತಗಡಿನ ಪೀಲರ್ ಹಿಡಿಯಲು ಆಗುತ್ತಿರಲಿಲ್ಲ. ಅದರಿಂದ ಶುರುವಾಗಿ 1990ರಲ್ಲಿ ಆಕ್ಸೋ ಹೆಸರಿನಲ್ಲಿ ಆ ಹಿಡಿ ಬಂತು. ನೋವಿರುವ ಕೈಗೆ ಮಾಡಿದ್ದು ನನ್ನ ಒದ್ದೆ ಕೈಗೂ ಜಾರುವುದಿಲ್ಲ. ಅಂಥ ಹಿಡಿಯ ಪೀಲರ್ ನನ್ನ ಹತ್ತಿರ ಹನ್ನೊಂದು ವರ್ಷದಿಂದ ಇದೆ. ತೊಳೆಯಲು ಟೂತ್‌ಪಿಕ್ ಬೇಡ.

ಒದ್ದೆಕೈ · 9:05

ಒಲೆಯ ಪಕ್ಕಕ್ಕೆ ಒಂದು ಮೊಳೆ ಹೊಡೆದು ಬಟ್ಟೆ ತೂಗುಹಾಕಿದೆ. ಸಂಜೆ ಹಾಲು ಏಳುವ ಮೊದಲೇ ಕೈ ಒರೆಸಿ ಆಫ್ ಮಾಡಿದೆ. ಗೆದ್ದೆ. ಆಮೇಲೆ ಅದೇ ಒದ್ದೆ ಬಟ್ಟೆಯಿಂದ ಗಾಜು ಒರೆಸಿದೆ. ಚೈಲ್ಡ್ ಲಾಕ್ ಬಿತ್ತು. ಈಗ ಅದು ಬಿಡುತ್ತಿಲ್ಲ.

ಬೋರ್ಡ್‌ನವ · 9:11

ಗಾಜು ಪೂರ್ತಿ ಒಣಗಿಸಿ. ಬೀಗದ ಚಿತ್ರದ ಮೇಲೆ ಒಣ ಬೆರಳು ಮೂರು ಸೆಕೆಂಡ್. ಬಿಡದಿದ್ದರೆ ಪ್ಲಗ್ ತೆಗೆದು ಹಾಕಿ. ಆದರೆ ಒಳಗಿನ ಫ್ಯಾನ್ ನಿಂತ ಮೇಲೆ ತೆಗೆಯಿರಿ.

ಒದ್ದೆಕೈ · 9:16

ಬಿಟ್ಟಿತು.

ಸುಮ್ನೆ ಓದುವವ · ರಾತ್ರಿ 10:38

ನಾನು ಇಲ್ಲಿ ಯಾವತ್ತೂ ಬರೆದವನಲ್ಲ, ಓದಿ ಹೋಗುತ್ತೇನೆ. ಸ್ಕ್ರೂಡ್ರೈವರ್ ಅಣ್ಣ ಬರೆದದ್ದು ಓದಿ ಎದ್ದು ಹೋದೆ. ನಮ್ಮ ಹಳೇ ಮಿಕ್ಸಿ ಎಂಟು ತಿಂಗಳಿಂದ ಅಟ್ಟದ ಮೇಲಿದೆ. ಇದ್ದಕ್ಕಿದ್ದಂತೆ ನಿಂತಿತ್ತು. ಏಣಿ ಹಾಕಿ ಇಳಿಸಿದೆ. ಧೂಳು ಒರೆಸಿ ತಿರುಗಿಸಿ ನೋಡಿದೆ. ಕೆಂಪು ಬಟನ್ ಇದೆ. ಒತ್ತಿದರೆ ಟಕ್ ಎಂದಿತು. ಪ್ಲಗ್ ಹಾಕಿದೆ. ತಿರುಗಿತು.

ಹೊಸದು ತಂದು ಏಳೂವರೆ ತಿಂಗಳಾಯಿತು. ಹಳೆಯದು ಸತ್ತೇ ಹೋಗಿದೆ ಎಂದು ಹೆಂಡತಿಗೆ ಹೇಳಿದ್ದವನು ನಾನೇ. ಮಿಕ್ಸಿ ಸದ್ದಿಗೆ ಈಗ ಎದ್ದು ಬರುತ್ತಿದ್ದಾಳೆ. ಏನು ಹೇಳಲಿ, ಬೇಗ ಹೇಳಿ.

ಸ್ಕ್ರೂಡ್ರೈವರ್ · 10:41

ಹೊಸದರ ಕೆಳಗೂ ಒಂದು ಇರುತ್ತದೆ ತಮ್ಮ. ಅದನ್ನೂ ಈಗಲೇ ನೋಡಿಟ್ಟುಕೋ.